ಮಾಯಮ್ಮನ ಬೆಚ್ಚನೆ ದೋಣಿ

ಕನ್ನಂಬಾಡಿ ಕಟ್ಟೆ ತುಂಬಿದಾಗ ಅದರ ಹಿನ್ನೀರು ಕೃಷ್ಣರಾಜಪೇಟೆ ತಾಲ್ಲೂಕಿನ ಹೊಲಗದ್ದೆಗಳ ನಡುವೆ ಎಲ್ಲೆಲ್ಲಿಗೋ ನುಗ್ಗಿ ನಿಲ್ಲುತ್ತದೆ. ಹಾಗೆ ನಿಂತ ನೀರಿನ ಒಂದು ದಡದಲ್ಲಿ ದೋಣಿಕೊಪ್ಪಲು ಅಂತ ಪುಟ್ಟ ಊರು. ಆಚೆ ದಡದ ಊರು ಬರಿಗಣ್ಣಿಗೆ ಕಾಣುತ್ತದೆ. ಗಾಳಿ ಇತ್ತ ಬೀಸಿದರೆ ಅಲ್ಲಿಯ ಕೋಳಿ ಕೂಗುವುದೂ ಕೇಳುತ್ತದೆ. ಆದರೆ ರಸ್ತೆ ಹಿಡಿದು ಹೋಗಬೇಕಾದರೆ ಬಸ್ಸು ಬದಲಾಯಿಸಿಕೊಂಡು, ಸುತ್ತಿ ಬಳಸಿ, ಅರ್ಧ ದಿನ ಹಾಳು. ಹಾಗಾಗಿ ಹಾಲಿನ ಕ್ಯಾನಿನವರು, ಸಂತೆಗೆ ಸೊಪ್ಪು ಒಯ್ಯುವ ಹೆಂಗಸರು, ಬೀಗರ ಮನೆಗೆ ಹೊರಟವರು, ಎಲ್ಲರಿಗೂ ಸೋಮಯ್ಯನ ದೋಣಿಯೇ ಗತಿಯಾಗಿತ್ತು.

ಸೋಮಯ್ಯ ಎತ್ತರದ ಆಳು. ಅವನ ತಾತನ ಊರು ಇದೇ ನೀರಿನಡಿ ಮುಳುಗಿತ್ತು. ಬೇಸಿಗೆಯಲ್ಲಿ ನೀರಿಳಿದಾಗ ಮೇಲೇಳುವ ಕಲ್ಲುಮಂಟಪ, ಒಣಗಿ ನಿಂತ ಹುಣಿಸೆ ಬೊಡ್ಡೆಗಳು, ಹಳೇ ಬಾವಿಯ ಕಟ್ಟೆ, ಯಾವುದು ಎಲ್ಲಿದೆ ಅಂತ ಅವನಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತು. ಅವನ ಹೆಂಡತಿ ಮಾಯಮ್ಮ ನಾಗಮಂಗಲದ ಕಡೆಯ ಒಣ ಸೀಮೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಅಷ್ಟು ನೀರನ್ನು ನೋಡಿ ಹೆದರಿ, ದೋಣಿಯಲ್ಲಿ ಕೂತರೆ ಕಣ್ಣು ಬಿಡುತ್ತಿರಲಿಲ್ಲ. ಒಬ್ಬಳೇ ಮಗಳು ಜಯಲಕ್ಷ್ಮಮ್ಮ ಹುಟ್ಟಿ, ಬೆಳೆದು, ಪಾಂಡವಪುರದ ಕಡೆಗೆ ಮದುವೆಯಾಗಿ ಹೋಗುವ ಹೊತ್ತಿಗೆ ಮಾಯಮ್ಮ ಗಂಡನಿಗೆ ಸರಿಸಮನಾಗಿ ಹುಟ್ಟು ಹಾಕುವುದನ್ನು ಕಲಿತಿದ್ದಳು. ಹಗ್ಗ ಕಟ್ಟುವುದು, ಸೋರುವ ಹಲಗೆಗೆ ಡಾಂಬರು ಬಳಿಯುವುದು, ಕುಡಿದು ಬಂದವನನ್ನು ದಡದಲ್ಲೇ ಗದರಿಸಿ ಇಳಿಸುವುದು, ಇವೆಲ್ಲ ಅವಳ ಪಾಲಿಗೇ ಬಂದಿದ್ದವು.

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ದೀಪಾವಳಿ ಕಳೆದ ಮೇಲೆ ಒಂದು ದಿನ, ನಡುನೀರಿನಲ್ಲಿ ಸೋಮಯ್ಯನ ಕೈಯಿಂದ ಹುಟ್ಟು ಜಾರಿತು. ಅದನ್ನು ಹಿಡಿಯಲು ಬಗ್ಗಿದವನು ಹಾಗೇ ಮಗ್ಗುಲಿಗೆ ಒರಗಿದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ದೋಣಿಯಲ್ಲಿದ್ದವರೇ ಹೇಗೋ ದಡಕ್ಕೆ ತಂದರು. ಲಕ್ವ ಹೊಡೆದಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡು, ಜೀವಕ್ಕೆ ಅಪಾಯವಿಲ್ಲ, ಎಡಭಾಗ ಮಾತ್ರ ನಿಧಾನಕ್ಕೆ ಸರಿಹೋಗಬೇಕು, ಥಂಡಿ ತಾಗಿಸಬೇಡಿ, ದಿನಾ ಬಿಸಿನೀರಿನ ಶಾಖ ಕೊಟ್ಟು ಕೈಕಾಲು ನೀವಿ ಅಂತ ಹೇಳಿ ಕಳಿಸಿದರು.

ಸೋಮಯ್ಯನ ಅಣ್ಣ ಮಂಚಯ್ಯ ಒಳ್ಳೆಯ ಮನುಷ್ಯ. ತನ್ನ ಮನೆಯ ನಡುಮನೆಯನ್ನೇ ತಮ್ಮನಿಗೆ ಬಿಟ್ಟುಕೊಟ್ಟ. ಆದರೆ ಸೋಮಯ್ಯ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವನು ಇತ್ತ ತಿರುಗಲಿಲ್ಲ. ಮುದ್ದೆ ಮಿದ್ದು ಬಾಯಿಗಿಟ್ಟರೆ ಉಗುಳುತ್ತಿದ್ದ. ಮಾತೂ ನಿಂತುಹೋಗಿತ್ತು. ಒಂದು ದಿನ ಮಾಯಮ್ಮ ಅವನ ಕಿವಿಯ ಹತ್ತಿರ ಬಗ್ಗಿ, "ಏನ್ ಬೇಕು ಯೋಳಿ, ತಂದ್ಕೊಡ್ತೀನಿ" ಅಂದಳು. ಅವನು ಬಲಗೈಯನ್ನು ಕಷ್ಟಪಟ್ಟು ಎತ್ತಿ ಕಿಟಕಿಯ ಕಡೆ ತೋರಿಸಿದ. ಕಿಟಕಿಯಾಚೆ ಬೇಲಿ, ಬೇಲಿಯಾಚೆ ನೀರು.

ಮಾರನೆಯ ದಿನ ಅವಳು ಊರಿನ ಗಂಡಸರಿಬ್ಬರನ್ನು ಕರೆದು, ಗಂಡನನ್ನು ಮಂಚದ ಸಮೇತ ಹೊರಿಸಿಕೊಂಡು ಹೋಗಿ ದೋಣಿಯಲ್ಲಿ ಇಳಿಸಿದಳು. ಅವತ್ತು ಮಧ್ಯಾಹ್ನ ಸೋಮಯ್ಯ ಅಲ್ಲೇ, ನೀರಿನ ಕುಲುಕಾಟದಲ್ಲೇ, ಇಡೀ ಮುದ್ದೆ ಉಂಡ.

"ನೋಡವ್ವ, ಇದೆಲ್ಲ ಆಗೋ ಮಾತಲ್ಲ," ಅಂದ ಮಂಚಯ್ಯ. "ಮುಂದೆ ಚಳಿಗಾಲ. ನೀರ್ ಮೇಲಿನ್ ಗಾಳಿಗೆ ಗಟ್ಟಿಮುಟ್ಟಾಗಿರೋರೇ ನಡುಗ್ತಾರೆ. ದೋಣಿ ಯಾರ್ಗಾರ ಕೊಟ್ಬುಡು. ಅವ್ನ್ನ ಮನೇಲಿ ಮಲಗ್ಸು."

"ಮನೇಲಿ ಮಲಗ್ಸಿದ್ರೆ ಮಲಗ್ದಂಗೇ ವೋಗ್ಬುಡ್ತಾರೆ ಕಣ್ ಭಾವ. ನೀರಿನ್ ಮ್ಯಾಲೇ ಇರ್ಲಿ. ಚಳಿಗೆ ಏನಾರ ಮಾಡಾನ."

ಏನು ಮಾಡುವುದು ಅಂತ ಅವಳಿಗೂ ಆಗ ಗೊತ್ತಿರಲಿಲ್ಲ. ದೋಣಿಯ ಹಿಂಬದಿಗೆ ಬಿದಿರು ಬಗ್ಗಿಸಿ, ಚಾಪೆ ಹೊದಿಸಿ, ಮೇಲೆ ತಗಡು ಹೊಡೆಸಿ ಕಮಾನು ಗಾಡಿಯ ಹಾಗೆ ಒಂದು ಗೂಡು ಮಾಡಿದಳು. ಅದರೊಳಗೆ ಒಂದು ಹಲಗೆ ಹಾಸಿಗೆ. ಮುಂಬದಿಯಲ್ಲಿ ಜನ ಕೂರುತ್ತಿದ್ದರು, ಹಿಂಬದಿಯಲ್ಲಿ ಸೋಮಯ್ಯ ಮಲಗಿರುತ್ತಿದ್ದ. ಹುಟ್ಟು ಅವಳ ಕೈಗೆ ಬಂತು.

ಮಾರ್ಗಶಿರದ ಚಳಿ ಶುರುವಾಯಿತು. ಮೊದಲು ಅವಳು ದಡದಲ್ಲಿ ನೀರು ಕಾಯಿಸಿ, ಚೊಂಬಿಗೆ ತುಂಬಿ, ಬಟ್ಟೆ ಸುತ್ತಿ ಗಂಡನ ಕಾಲ ಬಳಿ ಇಡುತ್ತಿದ್ದಳು. ಒಂದು ಸಲ ಆಚೆ ದಡಕ್ಕೆ ಹೋಗಿ ಬರುವಷ್ಟರಲ್ಲಿ ಸುತ್ತಿದ ಬಟ್ಟೆ ಸರಿದು, ಸ್ಪರ್ಶವಿಲ್ಲದ ಎಡಪಾದ ಚೊಂಬಿಗೆ ತಾಗಿ ಬೊಬ್ಬೆ ಎದ್ದಿತ್ತು. ಸೋಮಯ್ಯನಿಗೆ ಅದು ಗೊತ್ತೇ ಆಗಿರಲಿಲ್ಲ. ಬೊಬ್ಬೆ ನೋಡಿ ಮಾಯಮ್ಮ ಅತ್ತಳು.

ಆಮೇಲೆ ಅಗ್ಗಿಷ್ಟಿಕೆ ಇಟ್ಟಳು. ಒಂದು ಮುಂಜಾನೆ ಗಾಳಿ ಜೋರಾಗಿತ್ತು ಅಂತ ಗೂಡಿನ ಎರಡೂ ಕಡೆ ಚಾಪೆ ಬಿಗಿದು, ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಟ್ಟು, ತಾನೂ ಒಳಗೇ ಕೂತು ಅವನ ಕೈ ನೀವುತ್ತಿದ್ದಳು. ತಲೆ ಸಿಡಿಯತೊಡಗಿತು. ನಿದ್ದೆ ಕಡಿಮೆಯಾಗಿರಬೇಕು ಅಂದುಕೊಂಡಳು. ನೋಡಿದರೆ ಸೋಮಯ್ಯನ ಕಣ್ಣು ಮೇಲಕ್ಕೆ ಹೋಗುತ್ತಿದೆ. ಏಳಲು ಹೋದರೆ ಕಾಲು ನಿಲ್ಲಲಿಲ್ಲ. ತೆವಳಿಕೊಂಡು ಹೋಗಿ ಚಾಪೆ ಕಿತ್ತೆಸೆದು, ಗಂಡನ ಕಂಕುಳಿಗೆ ಕೈಹಾಕಿ ಗಾಳಿಗೆ ಎಳೆದಳು. ಇಬ್ಬರೂ ದೋಣಿಯ ಅಂಚಿಗೆ ತಲೆ ಆನಿಸಿ ವಾಂತಿ ಮಾಡಿಕೊಂಡರು. ಕೆಂಡ ಅಷ್ಟನ್ನೂ ಅಗ್ಗಿಷ್ಟಿಕೆಯ ಸಮೇತ ನೀರಿಗೆ ಎಸೆದುಬಿಟ್ಟಳು.

ಅವತ್ತು ದಡದಲ್ಲಿ ಕೂತು ಅವಳು ಯೋಚನೆ ಮಾಡಿದಳು. ಬೆಂಕಿ ಒಳಗಿರಬೇಕು, ಹೊಗೆ ಹೊರಗೆ ಹೋಗಬೇಕು. ಬಿಸಿ ಅವನ ಹತ್ತಿರ ಇರಬೇಕು, ಆದರೆ ಸುಡಬಾರದು. ತವರುಮನೆಯಲ್ಲಿ ಬಚ್ಚಲ ಒಲೆಯ ತಾಮ್ರದ ಹಂಡೆಯ ನೀರು ಬೆಂಕಿ ಆರಿದ ಎಷ್ಟೋ ಹೊತ್ತಿನ ಮೇಲೂ ಬೆಚ್ಚಗೇ ಇರುತ್ತಿದ್ದದ್ದು ನೆನಪಾಯಿತು. ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದು ನೀರು. ಆ ನೀರನ್ನು ಚೊಂಬಿನಲ್ಲಿ ಹೊತ್ತು ತಿರುಗುವ ಬದಲು ಅದೇ ಗಂಡನ ಹಾಸಿಗೆಯವರೆಗೆ ಹರಿದುಹೋಗುವಂತಿದ್ದರೆ?

ಮದುವೆಯಲ್ಲಿ ಅಪ್ಪ ಕೊಟ್ಟ ಒಂದು ತಾಮ್ರದ ಹಂಡೆ ಅವಳ ಹತ್ತಿರವೂ ಇತ್ತು. ಅದನ್ನು ಗೋಣಿಚೀಲದಲ್ಲಿ ಕಟ್ಟಿ, ಗಂಡನನ್ನು ಓರಗಿತ್ತಿಯ ಸುಪರ್ದಿಗೆ ಬಿಟ್ಟು, ನಾಗಮಂಗಲದ ಬಸ್ಸು ಹತ್ತಿದಳು.

ನಾಗಮಂಗಲದಲ್ಲಿ ತಾಮ್ರ ಹಿತ್ತಾಳೆ ಬಡಿಯುವವರ ಬೀದಿಯಲ್ಲಿ ಕಾಳಾಚಾರಿ ಅಂತ ಒಬ್ಬ ಮುದುಕ. ಮಾಯಮ್ಮನ ತವರಿನವರು ಪಾತ್ರೆ ಪಡಗಕ್ಕೆಲ್ಲ ಅವನ ಹತ್ತಿರವೇ ಬರುತ್ತಿದ್ದವರು. ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು ಸುತ್ತಿಗೆ ಕೆಳಗಿಟ್ಟ.

"ದೋಣಿಯೊಳಗೆ ಬೆಂಕಿ ಇಕ್ತೀಯ? ಅತ್ಕೊಂಡು ಉರ್ದೋದ್ರೆ ಆ ಪಾಪ ನನ್ ತಲೆಗೆ ಕಟ್ತೀಯ ಮಗಳೆ?"

"ಸುತ್ತ ನೀರೇ ಐತಲ್ಲ ತಾತ, ಆರಿಸ್ಕತೀನಿ ಬುಡಿ. ನೀವು ಇದೊಂದ್ ಯೋಳಿ. ಒಲೆ ಹಿಂದೆ ಹಂಡೆ ಮಡ್ಗಿ, ಅದರಿಂದ ಕೊಳವೆ ಎಳುದ್ರೆ, ನೀರು ಅದ್ರಷ್ಟಕ್ಕೆ ಅದು ಹರ್ಕೊಂಡ್ ವೋಯ್ತದಾ?"

ಕಾಳಾಚಾರಿ ಮೀಸೆ ಸವರಿಕೊಂಡು ಕೂತ. ಆಮೇಲೆ ಇದ್ದಿಲ ಚೂರು ತೆಗೆದುಕೊಂಡು ನೆಲದ ಮೇಲೆ ಗೆರೆ ಎಳೆದ. ಬಿಸಿಯಾದ ನೀರು ಹಗುರವಾಗಿ ಮೇಲಕ್ಕೆ ಹೋಗುತ್ತದೆ, ತಣ್ಣಗಾದದ್ದು ಭಾರವಾಗಿ ಕೆಳಕ್ಕೆ ಬರುತ್ತದೆ. ಹಂಡೆಯ ನೆತ್ತಿಯಿಂದ ಒಂದು ಕೊಳವೆ ಹೊರಟು, ಸುತ್ತು ಹಾಕಿಕೊಂಡು, ಹಂಡೆಯ ಬುಡಕ್ಕೇ ವಾಪಸ್ಸು ಬಂದರೆ, ಬೆಂಕಿ ಇರುವಷ್ಟು ಹೊತ್ತೂ ನೀರು ತಾನಾಗಿ ಸುತ್ತುತ್ತಿರಬೇಕು. "ಸುತ್ಬೇಕು ಅಷ್ಟೆ," ಅಂದ ಅವನು. "ನಾನೂ ಮಾಡಿ ನೋಡಿಲ್ಲ. ಇಬ್ರೂ ನೋಡಾನ."

ಹಂಡೆಯನ್ನು ಕತ್ತರಿಸಿ, ಬಡಿದು, ಒಲೆಯ ಬೆನ್ನಿಗೆ ಒರಗಿ ಕೂರುವಂಥ ಚಪ್ಪಟೆ ತೊಟ್ಟಿ ಮಾಡಿದ. ಕೊಳವೆ ಬೇಕಾಯಿತು. ಮಾಯಮ್ಮ ಶ್ರೀರಂಗಪಟ್ಟಣಕ್ಕೆ ಹೋಗಿ, ಹೆದ್ದಾರಿಯ ಬದಿಯ ಗುಜರಿ ಅಂಗಡಿಯಲ್ಲಿ ರಾಶಿ ರಾಶಿ ಲಾರಿ ಸಾಮಾನುಗಳ ನಡುವೆ ಹುಡುಕಾಡಿದಳು. ಅಂಗಡಿಯ ಬಾಷಾ ಸಾಹೇಬರು, "ಅರೆ, ದೋಣಿಗೆ ಪೈಪು ಯಾಕಮ್ಮ?" ಅಂತ ನಕ್ಕರು. ಲಕ್ವ ಹೊಡೆದ ಗಂಡನಿಗೆ ಅಂತ ಗೊತ್ತಾದ ಮೇಲೆ ನಗು ನಿಲ್ಲಿಸಿ, ತುಕ್ಕು ಹಿಡಿಯದ ಪೈಪುಗಳನ್ನು ತಾವೇ ಆರಿಸಿ, ಊದಿ ನೋಡಿ ಕಟ್ಟಿಕೊಟ್ಟರು.

ಕಾಳಾಚಾರಿಯ ಹಿತ್ತಲಲ್ಲಿ ಅದನ್ನೆಲ್ಲ ಜೋಡಿಸಿ, ನೀರು ತುಂಬಿಸಿ, ತೆಂಗಿನ ಚಿಪ್ಪು ಒಟ್ಟಿ ಬೆಂಕಿ ಹಾಕಿದ ದಿನ ಮಾಯಮ್ಮ ಕೊಳವೆಯ ದೂರದ ತುದಿಯನ್ನು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ತಣ್ಣಗೇ ಇತ್ತು. ಒಲೆ ಕೆಂಪಾಯಿತು, ತೊಟ್ಟಿಯೊಳಗೆ ನೀರು ಗುಯ್‌ಗುಟ್ಟಿತು. ಇನ್ನೂ ತಣ್ಣಗೇ ಇತ್ತು. ಕಾಳಾಚಾರಿ ಬೇಜಾರಾಗಿ ಎಲೆ ಅಡಿಕೆ ಬಿಚ್ಚಿದ. ಅಷ್ಟರಲ್ಲಿ ಮಾಯಮ್ಮನ ಅಂಗೈ ಅಡಿಯಲ್ಲಿ, ಮಲಗಿದ ಹಸುವಿನ ಹೊಟ್ಟೆ ಮುಟ್ಟಿದ ಹಾಗೆ, ಒಂದು ಬಿಸುಪು ಹರಿದು ಬಂತು.

"ಬಂತು ತಾತ!" ಅಂತ ಅವಳು ಕೂಗಿದ ಕೂಗಿಗೆ ಬೀದಿಯ ಸುತ್ತಿಗೆಗಳೆಲ್ಲ ನಿಂತವು.

ದೋಣಿಗೆ ಅದನ್ನು ಕೂರಿಸಲು ಮತ್ತಷ್ಟು ದಿನ ಹಿಡಿಯಿತು. ಹಲಗೆ ಸುಡದ ಹಾಗೆ ಕೆಳಗೆ ಮರಳು ಹಾಸಿ, ಮೇಲೆ ಇಟ್ಟಿಗೆ ಇಟ್ಟು, ಡ್ರಮ್ಮು ಕತ್ತರಿಸಿ ಮಾಡಿದ ಕಬ್ಬಿಣದ ಒಲೆ ಕೂರಿಸಿದರು. ಒಲೆಗೆ ಬಾಗಿಲು, ಹೊಗೆಗೆ ತಗಡಿನ ಕೊಳವೆ, ಅದು ಚಾವಣಿ ದಾಟಿ ಮೇಲಕ್ಕೆ. ಒಲೆಯ ಬೆನ್ನಿಗೆ ತಾಮ್ರದ ತೊಟ್ಟಿ. ತೊಟ್ಟಿಯಿಂದ ಹೊರಟ ನೀರಿನ ಕೊಳವೆ ಸೋಮಯ್ಯನ ಹಲಗೆ ಹಾಸಿಗೆಯ ಕೆಳಗೆ ಹಾದು, ಗೂಡಿನ ಅಂಚು ಸುತ್ತಿ, ವಾಪಸ್ಸು ಬರುತ್ತಿತ್ತು. ಒಂದು ಮೂಲೆಯಲ್ಲಿ ನಲ್ಲಿ. ತಿರುವಿದರೆ ಸ್ನಾನಕ್ಕೆ ಬಿಸಿನೀರು. ಎಲ್ಲಕ್ಕಿಂತ ಮೇಲೆ ಬಾಯಿ ತೆರೆದ ಒಂದು ಸಣ್ಣ ಕೊಳವೆ. ಕುದಿ ಹೆಚ್ಚಾದರೆ ಉಸಿರಾಡಲಿ ಅಂತ ಕಾಳಾಚಾರಿ ಇಟ್ಟದ್ದು.

ಆ ಸಣ್ಣ ಕೊಳವೆಯೇ ಎಡವಟ್ಟಿಗೆ ಕಾರಣವಾಯಿತು. ದೋಣಿ ಕುಲುಕಿದಾಗಲೆಲ್ಲ ಅದರ ಬಾಯಿಂದ ಬಿಸಿನೀರು ತುಳುಕಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಮಾಯಮ್ಮ ಒಂದು ಮರದ ಬಿರಡೆ ಕೆತ್ತಿ ಅದಕ್ಕೆ ಜಡಿದುಬಿಟ್ಟಳು. ಮಾರನೆಯ ದಿನ ಸಂತೆ. ದೋಣಿ ತುಂಬ ಜನ. ನಡುನೀರಿಗೆ ಬರುವ ಹೊತ್ತಿಗೆ ಗೂಡಿನೊಳಗಿಂದ ಗುರ್‌ ಅಂತ ಸದ್ದು ಎದ್ದಿತು. ಅವಳು ಹುಟ್ಟು ಬಿಟ್ಟು ಒಳಗೆ ನುಗ್ಗಿ, ಸೋಮಯ್ಯನನ್ನು ಹೊರಕ್ಕೆ ಎಳೆದುಕೊಂಡಳೋ ಇಲ್ಲವೋ, ಕೊಳವೆಯ ಬೆಸುಗೆ ಪಟಾರ್ ಅಂತ ಕಿತ್ತುಕೊಂಡು ಗೂಡಿನ ತುಂಬ ಹಬೆ ನುಗ್ಗಿತು. ಹೆಂಗಸರು ಕಿರುಚಿದರು. ಹಾಲಿನ ಸಿದ್ದೇಗೌಡ ಖಾಲಿ ಕ್ಯಾನು ತಬ್ಬಿಕೊಂಡು ನೀರಿಗೇ ಹಾರಿದ, ಕ್ಯಾನು ಅವನನ್ನು ತೇಲಿಸಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಮಾಯಮ್ಮನ ಬಲಗೈ ಮೊಣಕೈವರೆಗೆ ಬೆಂದಿತ್ತು.

ದಡದಲ್ಲಿ ಮಂಚಯ್ಯ ಕಾಯುತ್ತಿದ್ದ. ಗೂಡಿನೊಳಗೆ ಇಣುಕಿ ಸಣ್ಣ ಕೊಳವೆಯ ಬಾಯಿ ನೋಡಿದ. "ಬಿರ್ಡೆ ಯಾರ್ ಜಡುದ್ದು?"

"ನಾನೇ ಭಾವ."

"ತಗ್ದು ಬಿಸಾಕು ಆ ಒಲೆಯ. ನಿನ್ ಗಂಡನ್ ಚಳಿಗೆ ಊರೋರ್ನೆಲ್ಲ ಬೇಯಿಸ್ತೀಯ?"

ಅವಳು ತಲೆ ತಗ್ಗಿಸಿ ನಿಂತಳು. ತಪ್ಪು ತನ್ನದು ಅಂತ ಊರಿನವರ ಎದುರು ಒಪ್ಪಿಕೊಂಡಳು. ದೋಣಿಯಲ್ಲಿದ್ದವರ ಮನೆಮನೆಗೂ ಹೋಗಿ ಕ್ಷಮೆ ಕೇಳಿಕೊಂಡಳು. ಸಿದ್ದೇಗೌಡನ ಮನೆಯಲ್ಲಿ ಅವನ ಹೆಂಡತಿ ಸುಟ್ಟ ಕೈಗೆ ಲೋಳೆಸರ ಹಚ್ಚಿ, ಕಾಫಿ ಕೊಟ್ಟು ಕಳಿಸಿದಳು. ಎಲ್ಲ ಮುಗಿಸಿಕೊಂಡು, ಬಟ್ಟೆ ಸುತ್ತಿದ ಕೈಯಲ್ಲೇ ಅವಳು ಮತ್ತೆ ನಾಗಮಂಗಲದ ಬಸ್ಸು ಹತ್ತಿದಳು.

ಕಾಳಾಚಾರಿ ಬೈಯಲಿಲ್ಲ. ಅವಳ ಕೈ ನೋಡಿ, "ತುಳುಕ್ತದೆ ಅಂತ ನಂಗೂ ವೊಳೀಲಿಲ್ಲ, ನಾನು ದೋಣಿ ಹತ್ದೋನಲ್ಲ" ಅಂದ. ಉಸಿರು ಕೊಳವೆಯನ್ನು ಎತ್ತರಿಸಿ, ಕೊಕ್ಕರೆಯ ಕತ್ತಿನ ಹಾಗೆ ಬಗ್ಗಿಸಿ, ಅದರ ಬಾಯಿ ದೋಣಿಯ ಹೊರಗೆ ನೀರಿನ ಕಡೆ ಇರುವಂತೆ ಮಾಡಿಕೊಟ್ಟ. ಈ ಸಲ ತಾನೇ ಬಸ್ಸು ಹತ್ತಿ ಬಂದು, ದೋಣಿಯಲ್ಲಿ ಕೂತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಆಚೆ ದಡಕ್ಕೆ ಹೋಗಿ ಬಂದ. ಒಂದು ಹನಿಯೂ ತುಳುಕಲಿಲ್ಲ. ಮುದುಕನ ಧೈರ್ಯ ನೋಡಿ ಊರಿನವರೂ ಒಬ್ಬೊಬ್ಬರಾಗಿ ಹತ್ತಿದರು.

ಆ ಚಳಿಗಾಲವೂ ಮುಂದಿನ ಮಳೆಗಾಲವೂ ಕಳೆದವು. ಮಾಯಮ್ಮ ದಿನಾ ಬೆಳಿಗ್ಗೆ ಒಲೆ ಹೊತ್ತಿಸಿ, ನಲ್ಲಿಯ ನೀರನ್ನು ಮೊದಲು ತನ್ನ ಮೊಣಕೈಗೆ ಬಿಟ್ಟು ನೋಡಿ, ಆಮೇಲೆ ಗಂಡನ ಎಡಗೈ ಎಡಗಾಲು ತೊಳೆದು, ಹರಳೆಣ್ಣೆ ಹಚ್ಚಿ ನೀವುತ್ತಿದ್ದಳು. ಬೆಚ್ಚನೆ ಹಲಗೆಯ ಮೇಲೆ ಮಲಗಿ ಮಲಗಿ ಅವನ ಮೈ ಸಡಿಲವಾಯಿತು. ಒಂದು ದಿನ ಎಡಗೈಯ ಬೆರಳು ಮಡಿಸಿದ. ಇನ್ನೊಂದು ದಿನ, "ಮಾಯಿ" ಅಂದ. ಮಾತು ತೊದಲುತ್ತಿತ್ತು, ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅವಳಿಗೆ ಮಾತ್ರ ಪೂರಾ ತಿಳಿಯುತ್ತಿತ್ತು.

ಬೆಳಗಿನ ಜನಕ್ಕೂ ಆ ಬಿಸಿ ರುಚಿ ಹತ್ತಿತು. ಕಾಲು ಚಾಚಿ ಕೊಳವೆಗೆ ಆನಿಸಿ ಕೂರುತ್ತಿದ್ದರು. ಯಾರೂ ಹೇಳದಿದ್ದರೂ ಬರುವವರೆಲ್ಲ ಒಂದೊಂದು ತೆಂಗಿನ ಚಿಪ್ಪು, ಒಣಗಿದ ಹೆಡೆಮಟ್ಟೆ, ಆಲೆಮನೆಯ ಕಡೆಯಿಂದ ಬರುವವರು ಒಂದು ಹಿಡಿ ಕಬ್ಬಿನ ಸಿಪ್ಪೆಯ ಒಣ ರಚ್ಚು ತಂದು ಒಲೆಯ ಪಕ್ಕ ಹಾಕುತ್ತಿದ್ದರು. ಸಿದ್ದೇಗೌಡ ಮಾತ್ರ ಕೊನೆಯವರೆಗೂ ಮುಂಬದಿಯ ತುದಿಯಲ್ಲೇ, ಕ್ಯಾನು ತಬ್ಬಿಕೊಂಡೇ ಕೂರುತ್ತಿದ್ದ.

ತೊಂಬತ್ತಮೂರರ ಜನವರಿಯಲ್ಲಿ, ಸಂಕ್ರಾಂತಿಗೆ ಮೊದಲು, ಒಂದು ಬೆಳಿಗ್ಗೆ ಎಂದೂ ಕಾಣದಂಥ ಕಾವಳ, ದಟ್ಟ ಮಂಜು, ಬಿದ್ದಿತ್ತು. ದೋಣಿಯ ಮೂತಿಯಲ್ಲಿ ಕೂತ ಸಿದ್ದೇಗೌಡ ಹಿಂಬದಿಯ ಮಾಯಮ್ಮನಿಗೆ ಕಾಣುತ್ತಿರಲಿಲ್ಲ. ಹೊತ್ತು ಏರಲಿ ಅಂತ ಅವಳು ಕಾದಳು. ಸ್ವಲ್ಪ ತಿಳಿಯಾದ ಹಾಗೆ ಕಂಡು ಹೊರಟರೆ, ನಡುನೀರಿನಲ್ಲಿ ಮತ್ತೆ ಮುಸುಕಿತು. ಆಗ ಕೂಗು ಕೇಳಿಸಿತು.

"ಯಾರಾದ್ರೂ ಬನ್ರಪ್ಪೋ! ನಮ್ಮವ್ವ ಮುಳುಗ್ತಾವ್ಳೆ!"

ಆಚೆ ದಡದ ತಿಮ್ಮರಾಜು, ಅವನ ತಾಯಿ ದ್ಯಾವಮ್ಮ. ಸಂತೆಗೆ ಬದನೆಕಾಯಿ ಒಯ್ಯಬೇಕೆಂದು ದೋಣಿಗೆ ಕಾಯದೆ ತಮ್ಮ ತೆಪ್ಪದಲ್ಲೇ ಹೊರಟಿದ್ದರು. ನೀರಿನಡಿಯ ಬೊಡ್ಡೆಗೆ ತಗುಲಿ ತೆಪ್ಪ ಮಗುಚಿತ್ತು. ಮಗುಚಿದ ತೆಪ್ಪವನ್ನು ಹಿಡಿದುಕೊಂಡು ಅವರು ಎಷ್ಟು ಹೊತ್ತಿನಿಂದ ಕೂಗುತ್ತಿದ್ದರೋ.

ಮಾಯಮ್ಮ ಕೂಗು ಬಂದ ಬಲಗಡೆಗೆ ದೋಣಿ ತಿರುಗಿಸಿದಳು. ಗೂಡಿನೊಳಗಿಂದ ಹಲಗೆ ಬಡಿದ ಸದ್ದು. ಸೋಮಯ್ಯ ಕೈಯಿಂದ ಬಡಿಯುತ್ತಿದ್ದ.

"ಅಲ್ಲಲ್ಲ... ಎಡ... ಎಡಕ್ಕೆ."

"ಕೂಗು ಬಲಗಡೆಯಿಂದ ಬತ್ತಾ ಐತಲ್ಲ?" ಅಂದಳು.

ಅವನು ಉಸಿರು ಸೇರಿಸಿಕೊಂಡು ಒಂದೊಂದೇ ಮಾತನ್ನು ಹೊರಗೆ ದೂಡಿದ. ಬಲಗಡೆ ಕಲ್ಲುಮಂಟಪ ಇದೆ, ಈ ವರ್ಷ ನೀರು ಬೇಗ ಇಳಿದು ಅದರ ತಲೆ ಆಗಲೇ ಮೇಲೆ ಬಂದಿದೆ, ಅಲೆ ಅದರ ಕಲ್ಲಿಗೆ ಬಡಿಯುವ ಸದ್ದು ನನಗೆ ಕೇಳುತ್ತಿದೆ. ಕೂಗು ಆ ಕಲ್ಲಿಗೆ ತಾಗಿ ತಿರುಗಿ ಬರುತ್ತಿದೆ. ಜನ ಇರುವುದು ಹುಣಿಸೆ ಬೊಡ್ಡೆಯ ಹತ್ತಿರ, ಎಡಕ್ಕೆ. ಅವಳು ಹುಟ್ಟು ಹಿಡಿದು ಒಂದು ಕ್ಷಣ ನಿಂತಳು. ಎಲ್ಲರ ಕಿವಿಗೂ ಕೂಗು ಬಲಗಡೆಯೇ ಇತ್ತು. "ಬಲಕ್ಕೆ ವೋಗಮ್ಮೋ!" ಅಂತ ಮುಂದಿನವರು ಒದರುತ್ತಿದ್ದರು. ಅವಳು ಗಂಡನ ಮಾತಿನಂತೆ ಎಡಕ್ಕೆ ಹೊಡೆದಳು.

"ಮೆಲ್ಲಗೆ... ಬೊಡ್ಡೆ... ಇನ್ನೊಂಚೂರು..." ಅವನು ಹೇಳುತ್ತ ಹೋದ, ಅವಳು ಹಾಗೇ ಹುಟ್ಟು ಹಾಕುತ್ತ ಹೋದಳು. ಕಾವಳದೊಳಗಿಂದ ಕಪ್ಪಗೆ ತೆಪ್ಪದ ಬೆನ್ನು ಕಂಡಿತು. ಅದಕ್ಕೆ ಆತುಕೊಂಡ ಎರಡು ತಲೆ. ಸಿದ್ದೇಗೌಡನೇ ಕ್ಯಾನು ಬಿಟ್ಟು ಬಗ್ಗಿ ಮೊದಲು ಮುದುಕಿಯನ್ನು ಎಳೆದುಕೊಂಡ, ಆಮೇಲೆ ಮಗನನ್ನು.

ತಿಮ್ಮರಾಜು ಗಡಗಡ ನಡುಗುತ್ತಿದ್ದ. ದ್ಯಾವಮ್ಮ ನಡುಗುತ್ತಲೂ ಇರಲಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣ. ಕಣ್ಣು ಅರೆತೆರೆದಿತ್ತು. ಮಾಯಮ್ಮ ಹುಟ್ಟನ್ನು ಬೇರೆಯವರಿಗೆ ಕೊಟ್ಟು, ಮುದುಕಿಯನ್ನು ಗೂಡಿನೊಳಗೆ ಒಯ್ದು, ಒದ್ದೆ ಸೀರೆ ಬಿಚ್ಚಿ, ಕಂಬಳಿ ಸುತ್ತಿ ಸೋಮಯ್ಯನ ಹಲಗೆಯ ಮೇಲೆ ಮಲಗಿಸಿದಳು. ಸೋಮಯ್ಯ ತಾನೇ ಮೈ ಜರುಗಿಸಿ ಜಾಗ ಬಿಟ್ಟುಕೊಟ್ಟು, ಗೂಡಿನ ಬಿದಿರಿಗೆ ಒರಗಿ ಕೂತ.

"ಬಿಸಿನೀರ್ ಕೈಕಾಲಿಗೆ ಉಯ್ಯಿ ಮಾಯಮ್ಮ!" ಅಂದರು ಯಾರೋ.

"ಬ್ಯಾಡಿ. ತಣ್ಗಾದ್ ಮೈಗೆ ಬಿಸಿ ಗೊತ್ತಾಗಾಕಿಲ್ಲ, ಬೊಬ್ಬೆ ಎದ್ಬುಡ್ತವೆ. ತಿಕ್ಬ್ಯಾಡಿ. ಹಲಗೆ ಬಿಸೀಲೇ ಮಲಗ್ಲಿ."

ಒಲೆಗೆ ಚಿಪ್ಪು ತುಂಬಿದಳು. ನಲ್ಲಿಯ ನೀರನ್ನು ಮೊಣಕೈಗೆ ಬಿಟ್ಟು ನೋಡಿ, ಅದರಲ್ಲಿ ಬಟ್ಟೆ ಹಿಂಡಿ ಮುದುಕಿಯ ಎದೆಗೂ ಕಂಕುಳಿಗೂ ಇಟ್ಟಳು. ತಣ್ಣಗಾದಂತೆಲ್ಲ ಬದಲಾಯಿಸಿದಳು. ತಿಮ್ಮರಾಜು ಕೊಳವೆಯನ್ನು ತಬ್ಬಿಕೊಂಡು ತಾಯಿಯ ಮುಖವನ್ನೇ ನೋಡುತ್ತ ಕೂತಿದ್ದ. ಹೊರಗೆ ಗಂಡಸರು ಹುಟ್ಟು ಹಾಕುತ್ತಿದ್ದರು. ಬಹಳ ಹೊತ್ತಿನ ಮೇಲೆ ದ್ಯಾವಮ್ಮನ ದವಡೆ ಅಲುಗಿತು. ಹಲ್ಲು ಕಟಕಟ ಅಂದಿತು. ಆಮೇಲೆ ಇಡೀ ಮೈ ನಡುಗತೊಡಗಿತು.

"ನಡುಗ್ಲಿ, ನಡುಗ್ಲಿ, ಒಳ್ಳೇದು," ಅಂದಳು ಮಾಯಮ್ಮ. ಬೆಲ್ಲ ಕದಡಿದ ಬೆಚ್ಚನೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

ಮುದುಕಿ ಕಣ್ಣು ಬಿಟ್ಟು ಸುತ್ತ ನೋಡಿದಳು. "ಬದ್ನೆಕಾಯಿ?" ಅಂದಳು.

"ಮೀನು ಉಣ್ತಾವೆ ಬುಡವ್ವ," ಅಂದ ಮಗ, ಮತ್ತು ಗಳಗಳ ಅತ್ತುಬಿಟ್ಟ.

ದಡ ಸೇರಿದ ಮೇಲೆ ಟ್ರಾಕ್ಟರಿನಲ್ಲಿ ಅವರನ್ನು ಕೆ.ಆರ್. ಪೇಟೆಯ ಆಸ್ಪತ್ರೆಗೆ ಕಳಿಸಿದರು. ಮೂರನೆಯ ದಿನ ದ್ಯಾವಮ್ಮ ತಾನೇ ನಡೆದುಕೊಂಡು ಮನೆಗೆ ಬಂದಳು ಅಂತ ಸುದ್ದಿ ಬಂತು. ಸುದ್ದಿ ಕೇಳಿದ ಜನ ದೋಣಿ ನೋಡಲು ಬಂದರು. ಬಂದವರೆಲ್ಲ ಒಲೆ ನೋಡಿ, ತೊಟ್ಟಿ ನೋಡಿ, ಮಾಯಮ್ಮನನ್ನು ಹೊಗಳಿದರು. ಅವಳು ಗೂಡಿನ ಕಡೆಗೆ ಕೈ ತೋರಿಸಿ, "ದಾರಿ ಕಂಡೋರು ಅವ್ರು" ಅನ್ನುತ್ತಿದ್ದಳು. ಸೋಮಯ್ಯನಲ್ಲಿ ಮಾತ್ರ ಅವತ್ತಿನಿಂದ ಏನೋ ಬದಲಾಯಿತು. ವರ್ಷಕ್ಕೂ ಮೇಲಿನಿಂದ ಭಾರವಾಗಿ ಬಿದ್ದಿದ್ದೇನೆ ಅಂದುಕೊಂಡಿದ್ದವನು, ಮಾರನೆಯ ಬೆಳಿಗ್ಗೆಯೇ ತನ್ನನ್ನು ಎತ್ತಿ ಗೂಡಿನ ಬಾಗಿಲಲ್ಲಿ ಕೂರಿಸು ಅಂದ. ಅಲ್ಲಿ ಕೂತು ಬರುವವರನ್ನು ತೊದಲು ಮಾತಿನಲ್ಲೇ ವಿಚಾರಿಸಿಕೊಳ್ಳತೊಡಗಿದ. ವರ್ಷ ತುಂಬುವುದರೊಳಗೆ ಕೋಲು ಹಿಡಿದು ದೋಣಿಯ ಈ ತುದಿಯಿಂದ ಆ ತುದಿಗೆ ನಡೆದ.

ಮಂಚಯ್ಯ ಮಾತ್ರ ಆ ಒಲೆಯನ್ನು ಕೊನೆಗೂ ಒಪ್ಪಲಿಲ್ಲ. "ಇವತ್ತಲ್ಲ ನಾಳೆ ಅತ್ಕತದೆ ನೋಡ್ತಿರು" ಅಂತ ಹೇಳುತ್ತಲೇ ಇದ್ದ. ಹಾಗೆ ಹೇಳುತ್ತಲೇ ಚಳಿಗಾಲದಲ್ಲಿ ದಿನಾ ಟವಲು ಹೆಗಲಿಗೆ ಹಾಕಿಕೊಂಡು ಬಂದು, ದೋಣಿಯ ನಲ್ಲಿಯಿಂದ ಬಕೆಟ್ಟು ತುಂಬಿಸಿಕೊಂಡು ದಡದಲ್ಲಿ ಸ್ನಾನ ಮಾಡಿ ಹೋಗುತ್ತಿದ್ದ. 

ಸೋಮಯ್ಯ ತೊಂಬತ್ತೇಳರ ಬೇಸಿಗೆಯಲ್ಲಿ ತೀರಿಕೊಂಡ. ಮಧ್ಯಾಹ್ನ ಉಂಡು ಮಲಗಿದವನು ಎದ್ದಿರಲಿಲ್ಲ. ಬದುಕಿದ್ದ ಕೊನೆಯ ವರ್ಷಗಳಲ್ಲಿ ಅವನು ಎಡಗೈಯಲ್ಲಿ ಲೋಟ ಹಿಡಿಯುತ್ತಿದ್ದ, ಅಳಿಯನ ಜೊತೆ ಚೌಕಾಬಾರ ಆಡಿ ಗೆಲ್ಲುತ್ತಿದ್ದ, ಹೆಂಡತಿ ಹುಟ್ಟು ತಪ್ಪು ಹಾಕಿದರೆ ಬೈಯುತ್ತಿದ್ದ. ಸಾವಿಗೆ ಬಂದವರೆದುರು ಮಾಯಮ್ಮ ಅದನ್ನೇ ಹೇಳಿಕೊಂಡಳು: "ನೆನ್ನೆನೂ ಬೈದ್ರು ಕಣವ್ವ. ಚೆಂದಾಗಿ ಬೈದ್ರು."

ಆಮೇಲೂ ಅವಳು ದೋಣಿ ಬಿಡಲಿಲ್ಲ. ಮುಂದಿನ ಚಳಿಗಾಲದಲ್ಲಿ ಮಗಳ ಅತ್ತೆ ಪುಟ್ಟಲಕ್ಷ್ಮಮ್ಮ ಪಾಂಡವಪುರದ ಕಡೆಯಿಂದ ಅವಳನ್ನು ಹುಡುಕಿಕೊಂಡು ಬಂದಳು. ಬೀಗಿತಿ ರೇಷ್ಮೆ ಹುಳು ಸಾಕುವವಳು. ಚಳಿಗೆ ಹುಳು ಮೇವು ಮುಟ್ಟುತ್ತಿಲ್ಲ, ಮನೆಯೊಳಗೆ ಕೆಂಡ ಇಟ್ಟರೆ ಹೊಗೆಗೆ ಸಾಯುತ್ತಿವೆ, ಎರಡು ಬೆಳೆ ಕೈಕೊಟ್ಟಿತು ಅಂತ ಕಣ್ಣೀರಿಟ್ಟಳು. "ಬೀಗ್ತಮ್ಮ, ನಿಮ್ ದೋಣೀಲಿರೋ ಅಂಥದ್ದು ಹುಳದ್ ಮನೆಗೂ ಆಯ್ತದಾ?"

"ಹುಳಕ್ಕೆ ಏಟ್ ಬಿಸಿ ಬೇಕು ಅಂತ ನಂಗೊತ್ತಿಲ್ಲ, ನಿಮ್ಗೊತ್ತು. ಒಲೆ ಕೆಲ್ಸ ನಂಗೊತ್ತು. ನಡೀರಿ, ಇಬ್ರೂ ಕುಂತ್ಕಂಡ್ ಮಾಡಾನ."

ಕಾಳಾಚಾರಿ ಆಗ ಇರಲಿಲ್ಲ. ಅವನ ಮಗ ತೊಟ್ಟಿ ಬಡಿದುಕೊಟ್ಟ. ಒಲೆಯನ್ನು ಗೋಡೆಯ ಹೊರಗೆ ಕಟ್ಟಿ, ಕೊಳವೆಗಳನ್ನು ಮಾತ್ರ ಒಳಗೆ ಹಾಯಿಸಿ, ತಟ್ಟೆಗಳ ಸಾಲಿನ ಕೆಳಗೆ ಸುತ್ತು ಹಾಕಿಸಿದರು. ಮಾಯಮ್ಮ ಅಲ್ಲೇ ಉಳಿದು, ಬೀಗಿತಿಯ ಜೊತೆ ಸರದಿಯ ಮೇಲೆ ಬೆಂಕಿ ನೋಡಿಕೊಂಡಳು. ಹುಳು ಒಂದನೇ ಜ್ವರ ದಾಟಿತು, ಎರಡನೇ ಜ್ವರ ದಾಟಿತು. ಪೊರೆ ಕಳಚುವ ಮುನ್ನ ಮೇವು ಬಿಟ್ಟು ಸುಮ್ಮನೆ ಮಲಗುವುದಕ್ಕೆ ಸಾಕುವವರು ಹಾಗೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳುಗಳು ಬೆರಳು ಗಾತ್ರವಾಗಿದ್ದವು.

ಅವತ್ತು ಬೆಳಿಗ್ಗೆ ಪುಟ್ಟಲಕ್ಷ್ಮಮ್ಮ ಹಿಪ್ಪುನೇರಳೆ ಸೊಪ್ಪು ಹರಡಿ, ಬಾಗಿಲು ಹಾಕಿ, ಮಾಯಮ್ಮನನ್ನು ಒಳಗೆ ಕೂರಿಸಿ, "ಸುಮ್ನೆ ಕೇಳಿ" ಅಂದಳು. ಬೆಚ್ಚನೆ ಕತ್ತಲೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ತಟ್ಟೆಯಿಂದ, ಇನ್ನೊಂದು ತಟ್ಟೆಯಿಂದ, ಒಣಗಿದ ರಾಗಿ ಹೊಲದ ಮೇಲೆ ಮಳೆ ಹನಿ ಶುರುವಾದ ಹಾಗೆ, ಸಾವಿರಾರು ಬಾಯಿಗಳು ಸೊಪ್ಪು ತಿನ್ನುವ ಸದ್ದು ಎದ್ದು ಇಡೀ ಕೋಣೆ ತುಂಬಿಕೊಂಡಿತು.

"ಏಟ್ ಚೆಂದಾಗಿ ಉಣ್ತಾವಲ್ಲ!" ಅಂದಳು ಮಾಯಮ್ಮ, ಮತ್ತು ಹೊರಗೆ ಹೋಗಿ ಒಲೆಗೆ ಇನ್ನೆರಡು ಚಿಪ್ಪು ಹಾಕಿದಳು.